ಎಸರಿನ ನೀರು

ಶಿರಹಟ್ಟಿ ಕಡೆಯ ನಮ್ಮ ಊರಿನಲ್ಲಿ ಬೋರ್‌ವೆಲ್ಲುಗಳೆಲ್ಲ ಸವಳು ನೀರಿನವು. ನಮ್ಮ ಹಿತ್ತಲಿನದೊಂದೇ ಸಿಹಿ. ಅಪ್ಪ ಬದುಕಿದ್ದಾಗ ಹೊಡೆಸಿದ್ದು. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಬರುತ್ತಿದ್ದರು. ನೀರಿನ ದೇವಿ ಗಂಗಮ್ಮನೇ ತನ್ನ ಖಾಸಾ ಗೆಳತಿ ಎನ್ನುವ ಧಾಟಿಯಲ್ಲಿ ಅವ್ವ ಅವರ ಜೊತೆ ಮಾತಾಡುತ್ತಿದ್ದಳು. ಆಮೇಲೆ ಊರಿಗೆ ಹೊಳೆ ನೀರಿನ ನಲ್ಲಿ ಬಂತು, ಓಣಿಯವರು ನಮ್ಮ ಹಿತ್ತಲನ್ನು ಮರೆತರು. ಅವ್ವ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಲ್ಲಿ ನೀರಿಗೆ ಔಷಧದ ವಾಸನೆಯಂತೆ, ಅದರಲ್ಲಿ ನಾದಿದರೆ ರೊಟ್ಟಿ ಹರಿಯುತ್ತದಂತೆ.

ಅವ್ವನ ಅಂಗೈ ತುಂಬ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳಿದ್ದವು. ನಲವತ್ತು ವರ್ಷ ರೊಟ್ಟಿ ಬಡಿದ ಕೈ, ಜಡ್ಡುಗಟ್ಟಿದೆ ಎಂದು ಅವಳೂ ಅಂದುಕೊಂಡಿದ್ದಳು, ನಾನೂ ಅಂದುಕೊಂಡಿದ್ದೆ. ಅಂಥವೇ ಗಂಟುಗಳು ಅಂಗಾಲಿನಲ್ಲೂ ಇದ್ದವು. ಅವ್ವ ಕಾಲಿನಿಂದ ರೊಟ್ಟಿ ಬಡಿಯುವುದಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಅಕ್ಕೋರು. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತೇನೆ. ಸೀಮೆಸುಣ್ಣ ಹಿಡಿಯುವ ಕೈಗೆ ಹಿಟ್ಟು ಹತ್ತಬಾರದು ಎಂದು ಅವ್ವ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಂಡವಳೇ ಅಲ್ಲ.

ಒಮ್ಮೆ ನೀರಿನ ಪರೀಕ್ಷೆಯವರು ಯಾರೋ ಬಂದು ಊರಿನ ಎಲ್ಲ ಬೋರುಗಳ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಹೋದರು. ಕೆಲವು ತಿಂಗಳ ಮೇಲೆ ಮತ್ತೆ ಬಂದು ನಮ್ಮ ಬೋರಿಗೆ ಕೆಂಪು ಬಣ್ಣ ಬಳಿದು, ಕುಡಿಯಲು ಯೋಗ್ಯವಲ್ಲ ಎಂದು ಬರೆದರು. ಶನಿವಾರ ನಾನು ಬಂದಾಗ ಅವ್ವ ಮುಖ ಊದಿಸಿಕೊಂಡು ಕೂತಿದ್ದಳು.

"ನಿಮ್ಮಪ್ಪ ಹೊಡಿಸಿದ ಬೋರಿಗೆ ಹೆಸರಿಟ್ಟು ಹ್ವಾದ್ರು ನೋಡು. ಸಕ್ಕರಿಯಂಥಾ ನೀರು!"

ಯಾಕೆ ಯೋಗ್ಯವಲ್ಲ ಎಂದು ನಾನು ವಿಚಾರಿಸಬೇಕಿತ್ತು. 'ಯಾಕೆ ಅಂತ ಕೇಳ್ರಿ' ಎಂದು ದಿನಾ ಮಕ್ಕಳ ತಲೆ ತಿನ್ನುವವಳು ನಾನು. ಆದರೆ ನನಗೆ ಹಸಿವೆಯಾಗಿತ್ತು, ಉತ್ತರವೂ ನಾಲಿಗೆಯ ಮೇಲೇ ಇತ್ತು.

"ಏನರೆ ಕ್ರಿಮಿ ಇರಬೇಕವ್ವಾ. ಛಲೋತ್ನ್ಯಾಗ ಕುದಿಸಿ ಕುಡಿ, ಏನೂ ಆಗೂದಿಲ್ಲ."

ಅಕ್ಕೋರ ಮಾತು. ಅವ್ವ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಬೆಳಿಗ್ಗೆ ರೊಟ್ಟಿಯ ಹಿಟ್ಟಿಗೆ ಸುರಿಯುವ ಬಿಸಿನೀರಿಗೆ ನಮ್ಮ ಕಡೆ ಎಸರು ಎನ್ನುತ್ತಾರೆ. ಆ ಎಸರಿಗೆಂದು ದೊಡ್ಡ ಬೋಗುಣಿಯ ತುಂಬ ಬೋರಿನ ನೀರಿಟ್ಟು, ಅದು ಅರ್ಧಕ್ಕೆ ಇಳಿಯುವವರೆಗೂ ಕುದಿಸುತ್ತಿದ್ದಳು. ಹಿಟ್ಟಿಗೆ ಹಾಕಿ ಉಳಿದದ್ದನ್ನು ಆರಿಸಿ ದಿನವೆಲ್ಲ ಕುಡಿಯುವಳು. ಕುದ್ದಷ್ಟೂ ಒಳ್ಳೆಯದು ಎಂದು ಓಣಿಯವರಿಗೂ ನನ್ನ ಹೆಸರು ಹೇಳಿಯೇ ಉಪದೇಶ ಮಾಡುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಬಲಗೈಯ ತೋರುಬೆರಳಿನ ಗಂಟೊಂದು ಒಡೆದು ಹುಣ್ಣಾಯಿತು. ಅರಿಸಿನ ಹಚ್ಚಿದಳು, ಬಟ್ಟೆ ಸುತ್ತಿದಳು, ಅದೇ ಕೈಯಿಂದ ರೊಟ್ಟಿಯನ್ನೂ ಬಡಿದಳು. ಮೂರು ತಿಂಗಳಾದರೂ ಮಾಯದಿದ್ದಾಗ ನಾನು ಗದಗಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರಿಗೆ, ಕೇಳದಿದ್ದರೂ, ನಾನು ಸೈನ್ಸ್ ಟೀಚರ್ ಎಂದು ಹೇಳಿಕೊಂಡೆ. ಅವರು ಬೆರಳು ನೋಡಿದರು. ಅಂಗೈ ನೋಡಿದರು. ಚಪ್ಪಲಿ ಬಿಡಿಸಿ ಅಂಗಾಲು ನೋಡಿದರು. ಕುತ್ತಿಗೆಯ ಕೆಳಗೆ ಧೂಳಿನ ಮೇಲೆ ಮಳೆಹನಿ ಬಿದ್ದಂತಿದ್ದ ಕಲೆಗಳನ್ನು ನೋಡಿದ ಮೇಲೆ, ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು.

"ನಮ್ಮ ಬೋರಿಂದ್ರಿ. ಕೆಂಪು ಬಣ್ಣ ಬಳದಾರ, ಆದ್ರ ನಾ ಅರ್ಧಕ್ಕಿಳಿಸಿ ಕುಡೀತೀನ್ರಿ," ಎಂದಳು ಅವ್ವ, ಶಭಾಶ್ ಎನ್ನಿಸಿಕೊಳ್ಳುವ ಉಮೇದಿನಲ್ಲಿ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ಇದು ಆರ್ಸೆನಿಕ್ ಇದ್ದಂಗ ಕಾಣ್ತೈತಿ. ನೆಲದಾಗಿನ ವಿಷ. ಅದಕ್ಕ ರುಚಿ ಇಲ್ಲ, ವಾಸನಿ ಇಲ್ಲ. ಕುದಿಸಿದ್ರ ನೀರು ಹಾರಿ ಹೋಗ್ತೈತಿ, ವಿಷ ಅಷ್ಟೂ ಉಳಿದ ನೀರಾಗ ಗಟ್ಟಿ ಆಗ್ತೈತಿ. ಕುದಸಾಕ ಯಾರು ಹೇಳಿದ್ರು ನಿಮಗ?"

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಹೇಳಿಲ್ರಿ ಡಾಕ್ಟರ್ರ. ನಂದ ಖೋಡಿ ಬುದ್ಧಿ."

"ಅಕ್ಕೋರ, ನೀವಾದ್ರೂ ಹೇಳಬಾರದಿತ್ತೇನ್ರಿ?" ಎಂದರು ಡಾಕ್ಟರು. ನಾನು ಹೌದು ಎನ್ನುವಂತೆ ತಲೆಯಾಡಿಸಿದೆ. ಆ ಹೇಡಿತನಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನೀರಿನ ಪರೀಕ್ಷೆಯಲ್ಲಿ ಅವರು ಹೇಳಿದ್ದೇ ಬಂತು. ಹುಣ್ಣಿನ ಚೂರು ತೆಗೆದು ಕಳಿಸಿದಾಗ ಕ್ಯಾನ್ಸರ್ ಎಂದು ಬಂತು. ಇನ್ನೂ ಹಬ್ಬಿಲ್ಲ, ಬೆರಳು ತೆಗೆದರೆ ಕೈ ಉಳಿಯುತ್ತದೆ ಎಂದರು. ತೆಗೆದರು. ಕೈ ಉಳಿಯಿತು. ಬೋರಿನ ಮೋಟಾರು ಬಿಚ್ಚಿಸಿ ನಾನೇ ಅದರ ಬಾಯಿ ಮುಚ್ಚಿಸಿದೆ. ಶಾಲೆಯಲ್ಲಿ ನೀರಿನ ಪಾಠ ಬಂದಾಗ, ಕುದಿಸಿದರೆ ಕ್ರಿಮಿ ಸಾಯುತ್ತದೆ, ವಿಷ ಸಾಯುವುದಿಲ್ಲ ಎಂದು ಎರಡೆರಡು ಸಲ ಬರೆಸುತ್ತೇನೆ. ಮಕ್ಕಳಿಗೆ ಬೇಸರವಾಗುತ್ತದೆ, ಆಗಲಿ.

ಈಗ ಶನಿವಾರ, ರವಿವಾರ ರೊಟ್ಟಿ ನನ್ನದು. ವಾರದ ರೊಟ್ಟಿಯನ್ನು ಬಡಿದು, ಕಡಕ್ ಮಾಡಿ ಅವ್ವನಿಗೆ ಇಟ್ಟು ಹೋಗುತ್ತೇನೆ. ಎಸರು ನಲ್ಲಿ ನೀರಿನದು. ಅವ್ವ ಗೋಡೆಗೆ ಒರಗಿ ಕೂತು, ನಾನು ಬಡಿದದ್ದರಲ್ಲಿ ಒಂದಾದರೂ ದುಂಡಗಾಯಿತೇ ಎಂದು ಹುಡುಕುತ್ತಾಳೆ. ಹೋದ ರವಿವಾರ ಪರಾತದಲ್ಲಿ ಹಿಟ್ಟು ಹಾಕಿಕೊಂಡು, ಅವಳ ಮುಖ ನೋಡದೆ ಹೇಳಿದೆ.

"ಅವ್ವಾ, ಕುದಿಸು ಅಂದಾಕಿ ನಾನು."

"ಗೊತ್ತೈತಿ," ಎಂದಳು. "ನನ್ನ ಬೆರಳು ಹೆಂಗಿದ್ರೂ ಹೋಗೂದಿತ್ತು. ಮಂದಿ ಮುಂದ ನಿನ್ನ ಅಕ್ಕೋರತನಾನೂ ಯಾಕ ಹೋಗಬೇಕು? ಎಸರು ಆರಾಕತ್ತೈತಿ, ಹಿಟ್ಟಿಗೆ ಹಾಕು."

ಹಾಕಿದೆ.