ನಡುವಿನ ಪೆಟ್ಟಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐದು ಸ್ಪೀಕರ್ ಇರಬೇಕಾದ ಕಡೆ ನಾಲ್ಕನ್ನೇ ತಂದು, ಬಿಟ್ಟ ಐದನೆಯದರ ಬದಲಿಗೆ ಅಕ್ಕಿ ಡಬ್ಬಿಯಷ್ಟು ದೊಡ್ಡ, ಗುಡುಗಲೆಂದೇ ಹುಟ್ಟಿದ ಸಬ್‌ವೂಫರನ್ನು ಹೊತ್ತು ತಂದ ಮಹಾನುಭಾವ ನಾನೇ. ಅಂಗಡಿಯವರು ಬೇಡವೆಂದಿದ್ದರು. ಅಪ್ಪಾಜಿ ಬೇಡವೆಂದಿದ್ದರು. ಅಮ್ಮ ಏನೂ ಅನ್ನದೆ ಸೆರಗು ಸರಿಮಾಡಿಕೊಂಡಿದ್ದಳು. ನಮ್ಮ ಮನೆಯಲ್ಲಿ ಅದು ಎಲ್ಲಕ್ಕಿಂತ ದೊಡ್ಡ ಬೇಡ.

ಇದೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಒದ್ದೆ ಟವೆಲ್ ಹರವುವಾಗ. ನಮ್ಮ ಬಾಲ್ಕನಿಯ ತಂತಿ ಎಲ್ಲರ ಮನೆಯ ತಂತಿಯಂಥದ್ದಲ್ಲ. ಮಿಕ್ಕಿ ಉಳಿದ ಸ್ಪೀಕರ್ ವೈರು ಅದು. ಆಕ್ಸಿಜನ್ ಲವಲೇಶವೂ ಇಲ್ಲದ ಶುದ್ಧ ತಾಮ್ರ ಎಂದು ಡಬ್ಬಿಯ ಮೇಲೆ ಬರೆದಿತ್ತು, ನಾನೂ ಓದಿ ತಲೆದೂಗಿದ್ದೆ. ಈಗ ಅದರ ಮೇಲೆ ಅಪ್ಪಾಜಿಯ ಬನಿಯನ್ ಒಣಗುತ್ತದೆ. ಚೆನ್ನೈನ ಈ ಇಡೀ ಪಲ್ಲಾವರಂನಲ್ಲಿ ಇನ್ಯಾರ ಬನಿಯನ್ನಿಗೆ ಈ ಭಾಗ್ಯವಿದೆ, ನೀವೇ ಹೇಳಿ.

ಪಲ್ಲಾವರಂ ಎಂದ ಮೇಲೆ ಸದ್ದಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ನೆತ್ತಿಯ ಮೇಲೆ ವಿಮಾನ ಇಳಿಯುತ್ತದೆ, ಎಡಕ್ಕೆ ತಾಂಬರಂ ಕಡೆಯ ಎಲೆಕ್ಟ್ರಿಕ್ ರೈಲು ಓಡುತ್ತದೆ, ಬಲಗಡೆಯ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಮಿಕ್ಸಿ ತಿರುಗುತ್ತದೆ. ಮನೆಗೆ ಸರೌಂಡ್ ಸೌಂಡ್ ತರುತ್ತೇನೆ ಎಂದು ನಾನು ಘೋಷಿಸಿದ ದಿನ ಅಪ್ಪಾಜಿ ಇದನ್ನೆಲ್ಲ ಒಂದೊಂದಾಗಿ ಬೆರಳು ಮಡಿಚಿ ಎಣಿಸಿ, ಇರೋ ಸರೌಂಡೇ ಸಾಲದೇನು ಎಂದು ಕೇಳಿದ್ದರು. ಅಪ್ಪಾಜಿಯದು ಜವಳಿ ವ್ಯಾಪಾರ. ದಾವಣಗೆರೆಯಿಂದ ಇಲ್ಲಿಗೆ ಬಂದು ಬಟ್ಟೆ ಅಳೆದೂ ಅಳೆದೂ, ಮಾತನ್ನೂ ಅಳೆದೇ ಕತ್ತರಿಸುತ್ತಾರೆ.

ನಾನು ಹಾಗಲ್ಲ, ಮಾತಿನ ಇಡೀ ಥಾನು ಬಿಚ್ಚುವವನು. ಅದರಲ್ಲೂ ಬೇರೆಯವರ ಥಾನು. ಆಫೀಸಿನ ಮ್ಯಾನೇಜರು, ಅಪಾರ್ಟ್‌ಮೆಂಟಿನ ಸೆಕ್ರೆಟರಿ, ಎಗ್ಮೋರ್ ಸ್ಟೇಷನ್ನಿನಲ್ಲಿ ರೈಲು ತಡವೆಂದು ಸಾರುವ ಹೆಂಗಸು, ಇವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಈ ಚಟ ಶುರುವಾದದ್ದು ಅಮ್ಮನಿಂದ. ಮದುವೆಯಾಗಿ ಮದ್ರಾಸಿಗೆ ಬಂದ ಅಮ್ಮನಿಗೆ ಎಷ್ಟೋ ವರ್ಷ ತಮಿಳು ನಾಲಿಗೆಗೆ ಹತ್ತಲಿಲ್ಲ. ಸಿನಿಮಾ ಅಂದರೆ ಪ್ರಾಣ, ಆದರೆ ಮಾತು ತಿಳಿಯದು. ಶಾಲೆಯಲ್ಲಿ ತಮಿಳು ಕಲಿತ ಏಳು ವರ್ಷದ ನಾನು ಅವಳ ಪಕ್ಕ ಕೂತು, ತೆರೆಯ ಮೇಲೆ ಆಡುವವರೆಲ್ಲರ ಮಾತನ್ನೂ ಅವರವರ ಧಾಟಿಯಲ್ಲಿ ಕನ್ನಡಕ್ಕೆ ತಿರುಗಿಸುತ್ತಿದ್ದೆ. ನಮ್ಮ ಹಾಲಿನಲ್ಲಿ ಮಧುರೆಯ ಹೀರೋ ದಾವಣಗೆರೆ ಕನ್ನಡದಲ್ಲಿ ಪ್ರೀತಿಸುತ್ತಿದ್ದ, ವಿಲನ್ನು ದಾವಣಗೆರೆ ಕನ್ನಡದಲ್ಲೇ ಪ್ರಾಣ ಬಿಡುತ್ತಿದ್ದ. ಆಮೇಲೆ ಅಮ್ಮನಿಗೆ ತಮಿಳು ಬಂತು. ಶುಕ್ರವಾರದ ಸಂತೆಯಲ್ಲಿ ಅವಳು ಚೌಕಾಸಿಗೆ ನಿಂತರೆ ಇಲ್ಲೇ ಹುಟ್ಟಿ ಬೆಳೆದವರೂ ಎರಡು ಹೆಜ್ಜೆ ಹಿಂದೆ ಸರಿಯುವಷ್ಟು ಬಂತು. ನನ್ನ ಡಬ್ಬಿಂಗ್ ಮಾತ್ರ ನಿಲ್ಲಲಿಲ್ಲ. ಯಾರೂ ಕೇಳದೆ ಶುರುಮಾಡಿದ್ದನ್ನು ಯಾರೂ ಹೇಳದೆ ನಿಲ್ಲಿಸುವ ಸಜ್ಜನ ನಾನಲ್ಲ.

ಎರಡು ವರ್ಷದ ಹಿಂದೆ ಅಮ್ಮ ಸಿನಿಮಾದ ನಡುವೆ ಎದ್ದು ಹೋಗತೊಡಗಿದಳು. ಅಕ್ಕಿ ನೆನೆಹಾಕಬೇಕು, ಹಾಲು ಹೆಪ್ಪುಹಾಕಬೇಕು, ಏನೋ ಒಂದು ನೆಪ. ಅವಳು ಮಂಡಿ ಹಿಡಿದು ಏಳುವ ರೀತಿಯನ್ನು ನಾನು ಕಲಿತು ಆಫೀಸಿನಲ್ಲಿ ಆಡಿ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಒಂದು ಭಾನುವಾರ ಅಪ್ಪಾಜಿ, ಯಾಕೆ ಅರ್ಧಕ್ಕೇ ಏಳುತ್ತೀ ಎಂದು ನೇರ ಕೇಳಿದಾಗ ಅವಳು ತೆರೆಯ ಕಡೆಯೇ ನೋಡುತ್ತ ಹೇಳಿದಳು: “ಬಾಂಬು ಕೇಳುಸ್ತೈತಿ, ಹಾಡು ಕೇಳುಸ್ತೈತಿ. ಮಂದಿ ಮಾತಾಡೋದ ಕೇಳ್ಸಂಗಿಲ್ಲ ನಂಗ. ಕಥಿ ತಿಳೀದ ಸುಮ್ನ ಹೆಂಗ ಕುಂದ್ರಲಿ?”

ಡಾಕ್ಟರು ಕಿವಿ ನೋಡಿ, ವಯಸ್ಸಿಗೆ ತಕ್ಕಂತಿದೆ, ಟಿವಿಯ ದನಿಯೇ ಅಸ್ಪಷ್ಟವಿರಬೇಕು ಎಂದರು. ನನಗೆ ಅಷ್ಟೇ ಸಾಕಾಯಿತು. ಅಮ್ಮನಿಗೆ ಮಾತು ಕೇಳಿಸುವ ಹಾಗೆ ಮಾಡುವ ಹೊಣೆ ನನ್ನದು ಎಂದೆ. ಮೂರು ತಿಂಗಳು ಯೂಟ್ಯೂಬಿನ ಸೌಂಡ್ ಪಂಡಿತರ ಪಾದದ ಬಳಿ ಕೂತೆ. ಆಂಪ್ಲಿಫೈಯರ್‌ನ ವ್ಯಾಟು, ಸ್ಪೀಕರಿನ ಓಮು, ಯಾವುದಕ್ಕೆ ಯಾವುದು ಕೂಡಿಬರುತ್ತದೆ ಎಂಬುದನ್ನು ಜಾತಕ ನೋಡುವವರಂತೆ ನೋಡಿದೆ. ಆ ಪಂಡಿತರಲ್ಲೊಬ್ಬರು ಎದೆ ನಡುಗಿಸುವ ತಗ್ಗುದನಿಗೆ ‘ಬೇಸ್’ ಎನ್ನುವಾಗ ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಡುತ್ತಿದ್ದರು. ಮೂರನೆಯ ವಾರಕ್ಕೆ ನಾನೂ ಇಡತೊಡಗಿದೆ. ಅನುಕರಣೆ ಮಾಡುವವನ ಕಷ್ಟ ಇದು ನೋಡಿ. ದನಿಯನ್ನು ಕದಿಯಲು ಹೋಗಿ ಬುದ್ಧಿಯನ್ನೂ ಕದ್ದುಕೊಂಡು ಬರುತ್ತೇವೆ. ಅಮ್ಮ ಕೇಳಿದ್ದು ಮಾತು. ಮೂರು ತಿಂಗಳ ಕೊನೆಗೆ ನನ್ನ ತಲೆಯಲ್ಲಿ ಉಳಿದದ್ದು ಗುಡುಗು.

ಎಗ್ಮೋರಿನ ಹಿಂದಿನ ಒಂದು ಗಲ್ಲಿಯಲ್ಲಿ ಸ್ಪೀಕರ್ ಮಾರುವ ಹಿರಿಯರೊಬ್ಬರಿದ್ದರು, ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು. ಮೂವರೂ ಹೋದೆವು. ಭಾಯ್ ಅಮ್ಮನನ್ನು ಸೋಫಾದ ನಟ್ಟನಡುವೆ ಕೂರಿಸಿ, ಒಂದು ಸಿನಿಮಾದ ತುಣುಕು ಹಾಕಿದರು. ಅಪ್ಪಾಜಿ ಸ್ಪೀಕರಿನ ಮುಂದಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ನೇಯ್ಗೆ ತೆಳು ಎಂದು ತೀರ್ಪು ಕೊಟ್ಟರು. ನಾನೋ, ಹೆಲಿಕಾಪ್ಟರು ಬರುವ ಮೊದಲೇ ಬಾಯಲ್ಲಿ ಅದನ್ನು ಹಾರಿಸಿ, ಈಗ ಹಿಂದಿನಿಂದ ಬರುತ್ತೆ, ಈಗ ಎಡಕ್ಕೆ ತಿರುಗುತ್ತೆ ಎಂದು ವಿವರಿಸುತ್ತಿದ್ದೆ. ನೀವು ಕೊಳ್ಳಲು ಬಂದಿದ್ದೀರೋ ಮಾರಲು ಬಂದಿದ್ದೀರೋ ಎಂದು ಭಾಯ್ ತಮಿಳಿನಲ್ಲಿ ತಣ್ಣಗೆ ವಿಚಾರಿಸಿದರು.

ಆಮೇಲೆ ಅವರು ಟಿವಿಯ ಕೆಳಗೆ ಇಡುವ ಒಂದು ಉದ್ದನೆಯ ಪೆಟ್ಟಿಗೆಯನ್ನು ತೋರಿಸಿದರು. ನಡುವಿನ ಸ್ಪೀಕರ್. ಮಾತೆಲ್ಲ ಹೊರಡುವುದು ಇದರಿಂದಲೇ, ಎಲ್ಲಿ ಬೇಕಾದರೂ ಖರ್ಚು ಉಳಿಸಿ, ಇದರಲ್ಲಿ ಮಾತ್ರ ಬೇಡ ಎಂದರು. ಪಂಡಿತರ ಶಿಷ್ಯ ಸುಮ್ಮನಿರುತ್ತಾನೆಯೇ? ಎಡ ಬಲ ಎರಡೂ ಚೆನ್ನಾಗಿದ್ದರೆ ನಡುವಿನದು ತಾನಾಗಿ ಹುಟ್ಟುತ್ತದೆ ಎಂದು ವಾದಿಸಿದೆ. ಭಾಯ್ ನಡುವಿನದರ ವೈರು ಕಿತ್ತು, ಸೆಟ್ಟಿಂಗ್ ಬದಲಿಸಿ ಅದೇ ತುಣುಕನ್ನು ಹಾಕಿದರು. ನಿಜಕ್ಕೂ ಮಾತು ಆ ವೈರು ಕಿತ್ತ ಪೆಟ್ಟಿಗೆಯಿಂದಲೇ ಬಂದಂತೆ ಕೇಳಿತು. ನಾನು ಗೆದ್ದವನಂತೆ ಸುತ್ತ ನೋಡಿದೆ. ಭಾಯ್ ಒಂದೇ ಪ್ರಶ್ನೆ ಕೇಳಿದರು: ಈ ಭ್ರಮೆ ನಟ್ಟನಡುವೆ ಕೂತವರಿಗೆ ಮಾತ್ರ, ಮನೆಯಲ್ಲಿ ಅಮ್ಮ ಎಲ್ಲಿ ಕೂರುತ್ತಾರೆ? ನಡುವೆಯೇ ಎಂದುಬಿಟ್ಟೆ. ಅಮ್ಮ ಸೆರಗು ಸರಿಮಾಡಿಕೊಂಡಳು.

ಮನೆಗೆ ಬಂದ ಪೆಟ್ಟಿಗೆಗಳಿಗೆಲ್ಲ ಅಮ್ಮ ಸಾಲಾಗಿ ವಿಭೂತಿ ಹಚ್ಚಿದಳು. ಅಕ್ಷತೆ ಹಾಕುವಾಗ ಆಂಪ್ಲಿಫೈಯರಿನ ಮೇಲಿನ ಕಿಂಡಿಗಳಿಗೆ ನಾನು ಎರಡೂ ಅಂಗೈ ಅಡ್ಡ ಹಿಡಿದದ್ದರಿಂದ ಆಶೀರ್ವಾದವೆಲ್ಲ ನನಗೇ ಬಿತ್ತು. ಶನಿವಾರ ಸಂಜೆ ಮೊದಲ ಸಿನಿಮಾ. ಸಬ್‌ವೂಫರ್ ಗುಟುರು ಹಾಕಿತು. ಅಡುಗೆಮನೆಯ ಸ್ಟೀಲ್ ತಟ್ಟೆಗಳು ತಾವೂ ಗುಟುರು ಹಾಕಿದವು. ಅಪ್ಪಾಜಿ ಎದ್ದು ನೀರಿನ ಲೋಟವನ್ನು ಹಿಡಿದುಕೊಂಡು ಕೂತರು. ನಾನು ಸೋಫಾದ ನಡುವೆ, ಕಣ್ಣು ಮುಚ್ಚಿ, ಎದೆಯ ಮೇಲೆ ಕೈ. ಕಣ್ಣು ತೆರೆದಾಗ ಅಮ್ಮನ ಕುರ್ಚಿ ಖಾಲಿ. ಅಡುಗೆಮನೆಯಿಂದ ದನಿ ಬಂತು, ಭಾಳ ಚಲೋ ಐತಪ್ಪಾ, ನೋಡ್ರಿ ನೀವು, ಅಕ್ಕಿ ನೆನೆಹಾಕಿ ಬರ್ತೀನಿ ಎಂದು.

ನನಗೆ ಸಿಟ್ಟು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಇಷ್ಟೆಲ್ಲ ಮಾಡಿದ ಮೇಲೂ ಎದ್ದು ಹೋಗುವುದೇ? ಅಪ್ಪಾಜಿಯನ್ನು ನಗಿಸಲೆಂದು ಹೋಗಿ ಅಮ್ಮನ ಕುರ್ಚಿಯಲ್ಲಿ ಅವಳಂತೆಯೇ ಕೂತೆ. ಮಂಡಿಯ ಮೇಲೆ ಕೈ, ತುಸು ಬಗ್ಗಿದ ಬೆನ್ನು, ತಲೆ ಓರೆ. ಎಡತುದಿಯ ಆ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಂತಿದೆ. ಕುಕ್ಕರಿನ ಕೂಗು ತಪ್ಪಬಾರದೆಂದು ಅವಳು ಅಲ್ಲೇ ಕೂರುತ್ತಾಳೆ. ಮೊದಲಿನಿಂದಲೂ ಅಲ್ಲೇ. ಅಲ್ಲಿ ಕೂತು ಅವಳಂತೆ ತೆರೆ ನೋಡಿದೆ. ಎಡಗಡೆಯ ಸ್ಪೀಕರು ಕಿವಿಯ ಬುಡದಲ್ಲೇ ಅಬ್ಬರಿಸುತ್ತಿತ್ತು, ಹಿಂದಿನಿಂದ ಸಬ್‌ವೂಫರು ಬೆನ್ನಿಗೆ ಗುದ್ದುತ್ತಿತ್ತು. ತೆರೆಯ ಮೇಲೆ ಹುಡುಗಿಯೊಬ್ಬಳು ಅಳುತ್ತ ಏನೋ ಹೇಳುತ್ತಿದ್ದಳು. ಏನೆಂದು ನನಗೂ ಗೊತ್ತಾಗಲಿಲ್ಲ. ಇಡೀ ಊರಿನ ಬಾಯನ್ನು ಕದ್ದವನು ಅಮ್ಮನ ಕಿವಿಯಿದ್ದ ಕಡೆ ಒಮ್ಮೆಯೂ ಕೂತು ನೋಡಿರಲಿಲ್ಲ. ನಗಬೇಕಿದ್ದ ಅಪ್ಪಾಜಿ ನಗಲಿಲ್ಲ. ಲೋಟ ಕೆಳಗಿಟ್ಟು, ನಾಳೆ ಗಾಡಿ ಹೇಳ್ಲಾ ಎಂದರು.

ಮರುದಿನ ಸಬ್‌ವೂಫರನ್ನು ಆಟೋದಲ್ಲಿ ಮಡಿಲ ಮಗುವಿನಂತೆ ತಬ್ಬಿಕೊಂಡು ಎಗ್ಮೋರಿಗೆ ಹೋದೆ. ಭಾಯ್ ಕುಹಕವಾಡುತ್ತಾರೆಂದು ದಾರಿಯುದ್ದಕ್ಕೂ ಉತ್ತರಗಳನ್ನು ಹೊಂದಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ, ಅವರು ಮೇಜಿನ ಕೆಳಗಿನಿಂದ ಆ ಉದ್ದನೆಯ ಪೆಟ್ಟಿಗೆಯನ್ನೂ, ಒಂದು ಚಿಕ್ಕ ಸಬ್‌ವೂಫರನ್ನೂ ಎತ್ತಿಟ್ಟರು. ಎರಡೂ ಆಗಲೇ ಕಟ್ಟಿ ಸಿದ್ಧವಾಗಿದ್ದವು. ಅಂದು ನಾನು ಬಿಲ್ಲಿನ ಮುಂದೆ ನಿಂತಿದ್ದಾಗ ಅಮ್ಮ ಅವರ ಬಳಿ ತಮಿಳಿನಲ್ಲಿ ಹೇಳಿ ಬಂದಿದ್ದಳಂತೆ: ಇವೆರಡನ್ನೂ ಒಂದು ವಾರ ಯಾರಿಗೂ ಕೊಡಬೇಡಿ, ಹುಡುಗ ಬರುತ್ತಾನೆ, ಬಂದಾಗ ಬೈಯಬೇಡಿ.

ಈಗ ಆ ಪೆಟ್ಟಿಗೆ ಟಿವಿಯ ಕೆಳಗೆ ಕೂತಿದೆ, ಅಮ್ಮನ ಕುರ್ಚಿಯ ಕಡೆಗೆ ತುಸು ಮುಖ ತಿರುಗಿಸಿಕೊಂಡು. ಸಿನಿಮಾ ನಡೆಯುವಾಗ ಕುಕ್ಕರ್ ಕೂಗಿದರೆ ಎದ್ದು ಹೋಗುವವರು ಅಪ್ಪಾಜಿ. ನಾನು ಬಾಯಿ ತೆರೆಯುವುದು ಕಡಲೆಕಾಯಿಗೆ ಮಾತ್ರ. ನಿಮ್ಮ ಮಗ ಇಷ್ಟು ಮೌನಿಯಾದದ್ದು ಯಾವಾಗ ಎಂದು ಮೊನ್ನೆ ಬಂದ ನೆಂಟರು ಕೇಳಿದರು. ನಾನೇ ಉತ್ತರ ಕೊಟ್ಟೆ, ಅಮ್ಮನ ದನಿಯಲ್ಲಿ. ಹೊಸ ಪೆಟ್ಟಿಗೆ ಹಚ್ಚಿದ ಮೊದಲ ಸಂಜೆ ಅವಳು ಆಡಿದ ಮಾತು ಅದು. ಹೀರೋ ಮಾತಿಗೆ ಶುರುಮಾಡಿದ್ದ, ಪ್ರತಿ ಅಕ್ಷರವೂ ಅಮ್ಮನ ಕುರ್ಚಿಯವರೆಗೆ ಸ್ಪಷ್ಟವಾಗಿ ಬರುತ್ತಿತ್ತು. ನಾನು ಹಳೆಯ ಚಾಳಿಯಂತೆ ಅವಳತ್ತ ವಾಲಿ, ಅವನ ಧಾಟಿಯಲ್ಲೇ ಕನ್ನಡ ಶುರುಮಾಡಿದೆ. ಅಮ್ಮ ತೆರೆಯಿಂದ ಕಣ್ಣು ಕೀಳಲಿಲ್ಲ.

“ಹೀರೋ, ವಿಲನ್ನು, ಅತ್ತಿ, ಸೊಸಿ, ಎಲ್ಲಾರ್ದೂ ಇಷ್ಟ್ ವರ್ಷ ನಿನ್ ಬಾಯಾಗ ಕೇಳೀನಿ. ಪಾಪ, ಅವ್ರ ಬಾಯಾಗೂ ಒಂದಿನ ಕೇಳ್ತೀನಿ, ಸುಮ್ನಿರಪ್ಪಾ.”