ಒಂಬತ್ತು ಬಾಟಲಿ, ಒಂಬತ್ತು ಮುಚ್ಚಳ

ನಮ್ಮ ಭಾವನ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಮೇಣ ಕರಗಿಸಿ, ಪ್ಲಾಸ್ಟರ್ ಎರೆದು, ಹಲ್ಲು ಕೂರಿಸಿ, ಉಜ್ಜಿ, ಪೊಟ್ಟಣ ಮಾಡಿ ವಾಪಸು ಕಳಿಸುತ್ತಾರೆ. ಮೂವತ್ತೆಂಟು ವರ್ಷ ಊರಿನ ಅರ್ಧ ಜನರ ಬಾಯಿ ಇವರ ಕೈಯಲ್ಲಿತ್ತು. ಇವರು ಮಾತ್ರ ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ.

ಮಾತಿನ ಬದಲು ಅವರಿಗೊಂದು ಚಟ ಇತ್ತು, ರೈಲು ಎಂಜಿನ್ ಮಾಡುವುದು. ಅದೂ ಎಲ್ಲ ಎಂಜಿನ್ ಅಲ್ಲ. ಒಂದು ಕಾಲದಲ್ಲಿ ಗಾಳಿ ಸೀಳಿಕೊಂಡು ಓಡಲಿ ಎಂದು ಪ್ಯಾಸೆಂಜರ್ ರೈಲಿನ ಎಂಜಿನ್ನಿಗೆ ಮೈತುಂಬ ತಗಡು ಹೊದಿಸಿ, ಮೂತಿಯನ್ನು ಮೊಟ್ಟೆಯ ಹಾಗೆ ದುಂಡಗೆ ಮಾಡಿ, ಗಾಲಿಗಳು ಕಾಣದಂತೆ ತಗಡಿನ ಪಾವಡೆ ಉಡಿಸುತ್ತಿದ್ದರು. ಆ ನಮೂನೆಯವು ಮಾತ್ರ. ಅವನ್ನು ಗೇಣುದ್ದಕ್ಕೆ ಕುಗ್ಗಿಸಿ, ಒಂದೊಂದು ರಿವೆಟ್ಟನ್ನೂ ಸೂಜಿಮೊನೆಯಲ್ಲಿ ಎಬ್ಬಿಸಿ, ಹಿಡಿಕೆಗೆ ಹಲ್ಲಿನ ತಂತಿಯನ್ನೇ ಬಗ್ಗಿಸಿ, ವರ್ಷಕ್ಕೊಂದರಂತೆ ಮಾಡುತ್ತಿದ್ದರು. ಬೇರೆಯವರು ರೈಲು ಬಿಡುತ್ತಾರೆ, ನಮ್ಮ ಭಾವ ಮಾತ್ರ ಕಟ್ಟುತ್ತಾರೆ ಎಂದು ನಾನು ಹೇಳುವುದಿತ್ತು. ಅಕ್ಕ ಮೊದಲ ಸಲ ನಕ್ಕಳು. ಆಮೇಲಿನ ಇಪ್ಪತ್ತು ಸಲ ತಮ್ಮ ಎಂಬ ಮುಲಾಜಿಗೆ ಮುಗುಳ್ನಕ್ಕಳು.

ಊರಿನಲ್ಲಿ ಇಂಥವರದೇ ಒಂದು ಸಂಘವಿದೆ. ಇಪ್ಪತ್ತೆರಡು ಗಂಡಸರು, ಎಲ್ಲರಿಗೂ ಕನ್ನಡಕ. ಹಳಿಯ ಮೇಲೆ ಏನನ್ನಿಟ್ಟರೂ ಹಳಿಯುವುದೇ ಅವರ ಕಸುಬು: ಚಿಮಣಿ ಒಂದು ಕೂದಲು ಉದ್ದ, ಗೆರೆ ಒಂದು ಕೂದಲು ದಪ್ಪ. ಬಣ್ಣದ ವಿಷಯಕ್ಕೆ ಬಂದರೆ ಅಣ್ಣತಮ್ಮಂದಿರು ಆಸ್ತಿಗೆ ಹೊಡೆದಾಡಿದ ಹಾಗೆ ಹೊಡೆದಾಡುತ್ತಾರೆ. ಆ ಸಂಘದಲ್ಲಿ ಭಾವನಿಗಿದ್ದ ಹೆಸರು ಬಣ್ಣದ ಮಾಸ್ತರು. ಇವರು ಹಚ್ಚಿದ ಬಣ್ಣದ ಮೇಲೆ ಇನ್ನೊಂದು ಮಾತಿಲ್ಲ. ಬಣ್ಣ ಕಲೆಸಿ ಕೊಡುತ್ತಿದ್ದವಳು ಅಕ್ಕ. ಚಹಾ ಕಲೆಸಿ ಕೊಡುವ ಹಾಗೆ ಅದೂ ಒಂದು ಎಂದು ನಾವೆಲ್ಲ ತಿಳಿದಿದ್ದೆವು.

ಅಕ್ಕ ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ, ಇಸ್ತ್ರಿ ಮಾಡುತ್ತಾ. ಭಾವ ಪ್ಲಗ್ ಕಿತ್ತರು, ಅಂಗಿಯನ್ನು ಮಡಿಸಿಟ್ಟರು, ನನಗೆ ಫೋನು ಮಾಡಿದರು. ನಾನು ಹೋದಾಗ ಕುರ್ಚಿಯಲ್ಲಿ ಕೂತಿದ್ದರು. ಅಂದು ಅವರು ಅಳಲಿಲ್ಲ, ನಾನೂ ಅಳಲಿಲ್ಲ. ಬಂದವರಿಗೆ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತರಿಸಬೇಕಾಯಿತು. ಯಾರ ಮನೆಯವು ಎಷ್ಟು ಎಂಬುದು ನನಗೆ ಇವತ್ತಿಗೂ ನೆನಪಿದೆ.

ಎರಡು ವಾರ ಕಳೆದ ಮೇಲೆ ನಾನು ಉಪಕಾರ ಮಾಡಲು ಹೋದೆ. ಕೈಗೆ ಕೆಲಸ ಬೇಕಿತ್ತು. ಮನೆಯ ಹಿಂಭಾಗದಲ್ಲಿ ಭಾವ ಕೆಲಸ ಮಾಡುವ ಕೋಣೆ. ಒಂದು ಗೋಡೆಗೆ ಪ್ಲಾಸ್ಟರ್ ದವಡೆಗಳ ಸಾಲು, ಇನ್ನೊಂದಕ್ಕೆ ಎಂಜಿನ್‌ಗಳ ಸಾಲು. ನಡುವಿನ ಮೇಜಿನ ಮೇಲೆ ಬೂದು ಬಣ್ಣದ ಒಂದೇ ಒಂದು ಕೋಟು ಕಂಡ ಹೊಸ ಎಂಜಿನ್. ಪಕ್ಕದಲ್ಲಿ ಒಂಬತ್ತು ಸಣ್ಣ ಬಾಟಲಿ, ಹಲ್ಲಿನ ಔಷಧಿ ಬರುತ್ತಿದ್ದ ಒಂದೇ ಅಳತೆಯವು. ಮುಚ್ಚಳಗಳೆಲ್ಲ ಬಣ್ಣ ಮೆತ್ತಿ ಅಂಟಿಕೊಂಡಿದ್ದವು. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷಿಗಿಂತ ಚೆನ್ನಾಗಿ ಕಲಿಸಿದ್ದು ಒರೆಸುವುದನ್ನು. ಮುಚ್ಚಳಗಳನ್ನೆಲ್ಲ ಬಿಚ್ಚಿ ಥಿನ್ನರಿನಲ್ಲಿ ನೆನೆಹಾಕಿದೆ, ಒಳಗಿದ್ದ ಕೊಳಕು ರಟ್ಟಿನ ಬಿಲ್ಲೆಗಳನ್ನು ಕಿತ್ತೆಸೆದೆ, ಫಳಫಳ ಹೊಳೆಯುವ ತನಕ ತಿಕ್ಕಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಬಾಟಲಿಗೆ ತಿರುಗಿಸಿದೆ. ಮುಚ್ಚಳಗಳ ಮೇಲೆ ಅಕ್ಕ ಸೂಜಿಯಿಂದ ಏನೇನೋ ಗೀಚಿದ್ದಳು. ಅತ್ತೆ ಹಲ್ಲು. ಅಪ್ಪನ ಕೊಡೆ. ತಮ್ಮನ ಮೊಣಕಾಲು. ಓದಿ ತಮಾಷೆ ಎಂದುಕೊಂಡೆ. ಬಣ್ಣ ಗಾಜಿನಲ್ಲೇ ಕಾಣುತ್ತದಲ್ಲ, ಹೆಸರು ನೋಡಿ ಯಾರಿಗೆ ಏನಾಗಬೇಕು?

ಮೂರನೆಯ ತಿಂಗಳಲ್ಲಿ, ಒಂದು ಗುರುವಾರ, ಭಾವ ಫೋನು ಮಾಡಿದರು. ಅವರಾಗಿ ಮಾಡಿದ್ದು ಎರಡನೆಯ ಸಲ. ಭಾನುವಾರ ಸಂಘದ ಪ್ರದರ್ಶನವಂತೆ. ಈ ಎಂಜಿನ್ನಿಗೆ ಬೇಕಾದ ಬಣ್ಣವನ್ನೆಲ್ಲ ಅವಳು ಕಲೆಸಿಟ್ಟಿದ್ದಾಳೆ, ಅವಳು ಕಲೆಸಿದ್ದರಲ್ಲಿ ಇದೇ ಕೊನೆಯದು, ಇದನ್ನು ಮುಗಿಸಿ ಮೇಜಿನ ಮೇಲಿಡಬೇಕು ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿದವನಲ್ಲ. ಆಮೇಲೆ, ಮುಚ್ಚಳ ಅದಲುಬದಲಾಗಿದೆ, ಒಂದು ಗಳಿಗೆ ಬಂದು ಹೋಗು ಎಂದರು.

ಹೋದೆ. ಕನ್ನಡಕದ ನಂಬರು ಬದಲಾಗಿರಬೇಕು ಎಂದು ಅವರೇ ಹೇಳಿದರು. ಹೌದು, ವಯಸ್ಸಾಯಿತಲ್ಲ ಎಂದು ನಾನೂ ಹೂಂಗುಟ್ಟಿದೆ. ಅತ್ತೆ ಹಲ್ಲು ಎಂಬ ಮುಚ್ಚಳ ಕಪ್ಪಗಿನ ಬಾಟಲಿಯ ಮೇಲೆ ಕೂತಿದ್ದನ್ನು ಕಂಡು ಅವರಿಗೆ ಅನುಮಾನ ಬಂದಿತ್ತಂತೆ. ಆ ಒಂದನ್ನು ತಾವೇ ಸರಿಮಾಡಿದ್ದರು: ಅತ್ತೆ ಹಲ್ಲು ಎಂದರೆ ಕೆನೆ ಬಣ್ಣ. ಅವರ ತಾಯಿಗೆ ಅವರೇ ಕಟ್ಟಿಕೊಟ್ಟ ಹಲ್ಲು ಅದು, ತಪ್ಪುವ ಮಾತೇ ಇಲ್ಲ. ಹಲ್ಲಿನ ಬಿಳುಪಿನಲ್ಲಿ ಹದಿನಾರು ಬಗೆಯಿದೆ, ಹದಿನಾರನ್ನೂ ಮಬ್ಬು ಬೆಳಕಿನಲ್ಲಿ ಬೇರೆಬೇರೆ ಮಾಡಬಲ್ಲ ಕಣ್ಣು ಅವರದು. ಉಳಿದ ಎಂಟನ್ನು ನನ್ನ ಮುಂದೆ ಸರಿಸಿ ಕೈಕಟ್ಟಿ ಕೂತರು.

ಕೆಲಸ ಸುಲಭವಾಗಿತ್ತು, ಅದೇ ಕಷ್ಟ. ಅಪ್ಪನ ಕೊಡೆ ಎಂದರೆ ಕಪ್ಪಲ್ಲ, ನಾಲ್ಕು ಮಳೆಗಾಲ ಕಂಡ ಕಪ್ಪು. ಅದು ಎಂಜಿನ್ನಿನ ಹೊಗೆಗೂಡಿಗೆ. ಶಾಲೆ ಗೇಟು ಬೆಳ್ಳಿ ಬಣ್ಣ, ವರ್ಷಕ್ಕೊಮ್ಮೆ ಹಚ್ಚುತ್ತಿದ್ದರು, ಹಚ್ಚಿದ ದಿನವೇ ನಾನು ಒರಗಿ ನಿಲ್ಲುತ್ತಿದ್ದೆ. ಚಿಕ್ಕಪ್ಪನ ಸೈಕಲ್ಲು ನೀಲಿ. ಹೊಲಿಗೆ ಮಿಷಿನ್ನು ಚಿನ್ನ, ಅಮ್ಮನ ಮಿಷಿನ್ನಿನ ಮೇಲಿನ ಅಕ್ಷರದ್ದು. ಸಿಸ್ಟರ್ ಬೆಲ್ಟು ಕಂದು. ನನ್ನ ಅಂಗೈಗೆ ಪರಿಚಯವಿದ್ದ ಚರ್ಮ. ತಮ್ಮನ ಮೊಣಕಾಲು ನನ್ನದೇ, ಟಿಂಕ್ಚರ್ ಹಚ್ಚಿದ್ದು, ಪಾವಡೆಯೊಳಗಿನ ಗಾಲಿಯ ತುಕ್ಕಿಗೆ. ಮನೆಯಲ್ಲಿ ಬೆಳೆದವರಿಗಲ್ಲದೆ ಇನ್ನೊಬ್ಬರಿಗೆ ತಿಳಿಯದ ಪಟ್ಟಿ. ಅದನ್ನು ಕೆಡಿಸಿದವನು ನಾನು, ಸರಿಮಾಡಲು ಉಳಿದಿದ್ದವನೂ ನಾನೊಬ್ಬನೇ. ಆರು ಮುಚ್ಚಳ ತಿರುಗಿಸುವಷ್ಟು ಹೊತ್ತಿನಲ್ಲಿ ನಮ್ಮ ಬಾಲ್ಯ ಮುಗಿಯಿತು.

ಉಳಿದದ್ದು ಎರಡು ಬಾಟಲಿ. ಒಂದರಲ್ಲಿ ಕಡುಗೆಂಪು, ಒಂದರಲ್ಲಿ ಎಲೆಹಸಿರು. ಉಳಿದ ಎರಡು ಮುಚ್ಚಳದ ಮೇಲೆ ಹೀಗಿತ್ತು: ಅವತ್ತು ಹೇಳಿದ್ದು. ಅವತ್ತು ತಂದದ್ದು.

ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲೂ ಅಕ್ಕನ ಅಕ್ಷರ ಅಷ್ಟೇ ಹೇಳುತ್ತಿತ್ತು. ಎಂಜಿನ್ನಿನ ಮೇಲ್ಮೈಗೆ ಅವತ್ತು ಹೇಳಿದ್ದು. ಕೆಳಗಿನ ಪಾವಡೆಗೆ ಅವತ್ತು ತಂದದ್ದು. ನಡುವೆ ಅತ್ತೆ ಹಲ್ಲಿನ ಮೂರು ಗೆರೆ.

ಇಲ್ಲಿ ಒಂದು ಮಾತು ಹೇಳಬೇಕು. ಈ ಎಂಜಿನ್ನಿನ ಬಣ್ಣದ ಫೋಟೋ ಯಾರ ಬಳಿಯೂ ಇಲ್ಲ. ಕಪ್ಪುಬಿಳುಪಿನ ನಾಲ್ಕೇ ನಾಲ್ಕು ಚಿತ್ರ, ಅವುಗಳಲ್ಲಿ ಮೇಲೂ ಕೆಳಗೂ ಒಂದೇ ಬೂದು. ಕೆಂಪು ಮೇಲೋ ಹಸಿರು ಮೇಲೋ ಎಂದು ಸಂಘದವರು ಹತ್ತು ವರ್ಷದಿಂದ ಕಿತ್ತಾಡುತ್ತಿದ್ದರು. ಅದು ದಿನಾ ಮಧ್ಯಾಹ್ನ ನಾಲ್ಕರ ಹೊತ್ತಿಗೆ ನಮ್ಮ ಕಾನ್ವೆಂಟಿನ ಗೋಡೆಯ ಹಿಂದೆ ಹಾದುಹೋಗುತ್ತಿತ್ತು. ಅಕ್ಕ ಗೋಡೆ ಹತ್ತಿ ನೋಡುತ್ತಿದ್ದಳು. ನನಗೆ ಸೀಟಿ ಎಂದರೆ ಭಯ, ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಜೊತೆಗೆ ಯಾಕೋ ಕಣ್ಣನ್ನೂ. ಒಂದು ದಿನವೂ ನೋಡಲಿಲ್ಲ. ನಮಗೆ ಗೊತ್ತಿದ್ದವರಲ್ಲಿ ನೋಡಿದವಳು ಅವಳೊಬ್ಬಳೇ.

ಅವತ್ತು ಅಂದರೆ ಯಾವತ್ತು ಎಂದು ಭಾವನನ್ನು ಕೇಳಿದೆ. ಅವರು ಎದ್ದು ಕಿಟಕಿ ಮುಚ್ಚಿದರು, ಮತ್ತೆ ತೆಗೆದರು. ಯಾವುದಾದರೂ ಒಂದನ್ನು ಹಚ್ಚಿಬಿಡಬಹುದಿತ್ತು, ಅರ್ಧಕ್ಕರ್ಧ ಸರಿಹೋಗುವ ಸಂಭವವಿತ್ತು. ತಪ್ಪಿದರೂ ತಪ್ಪು ಎನ್ನಲು ಯಾರೂ ಇರಲಿಲ್ಲ. ಅದನ್ನೇ ಹೇಳಿಯೂ ಹೇಳಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು. ಎರಡೂ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಎಷ್ಟೋ ಹೊತ್ತು ಹಿಡಿದರು.

"ಎರಡೂ ಒಂದೇ ಥರ ಇದೆ" ಎಂದರು.

"ಏನು ಭಾವ?"

"ನನಗೆ ಕೆಂಪು ಹಸಿರು ಗೊತ್ತಾಗಲ್ಲ ಕಣೋ. ಹುಟ್ಟಿದಾಗಿಂದ. ಮದುವೆಯಾಗಿ ತಿಂಗಳಾಗಿರಲಿಲ್ಲ, ಹಣ್ಣು ಟೊಮೆಟೊ ತನ್ನಿ ಅಂದ್ಲು. ಆರಿಸಿ ಆರಿಸಿ ಎರಡು ಕೆಜಿ ತಂದೆ. ಎಲ್ಲಾ ಕಾಯಿ."

ಅಕ್ಕ ಚೀಲ ಬಗ್ಗಿಸಿ ನೋಡಿದಳಂತೆ, ಇವರ ಮುಖ ನೋಡಿದಳಂತೆ, ಒಂದು ಮಾತೂ ಆಡದೆ ಕಾಯಿಯನ್ನೇ ಬೇಯಿಸಿದಳಂತೆ. ಮರುದಿನದಿಂದ ಬಟ್ಟೆ ಅವಳೇ ತೆಗೆದಿಡುತ್ತಿದ್ದಳು. ಚಿಕ್ಕ ವಯಸ್ಸಿನಲ್ಲಿ ಭಾವ ಎಂಜಿನ್ ಡ್ರೈವರ್ ಆಗಬೇಕೆಂದು ಹೋಗಿ, ಕಣ್ಣಿನ ಪರೀಕ್ಷೆಯಲ್ಲಿ ಬಣ್ಣದ ದೀಪಗಳ ಮುಂದೆ ಬಿದ್ದು ಬಂದಿದ್ದರು. ಮನೆಯಲ್ಲಿ ಎತ್ತರ ಸಾಲಲಿಲ್ಲ ಎಂದು ಹೇಳಿದ್ದರು. ಭಾವ ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ. ಆದರೂ ಯಾರೂ ಅಳೆದು ನೋಡಲಿಲ್ಲ. ಆಮೇಲೆ ಹಲ್ಲಿನ ಕೆಲಸ. ಕಣ್ಣಿನಲ್ಲಿ ದೋಷವಿದ್ದವನಿಗೆ ಯಾವ ಡಾಕ್ಟರು ಅಚ್ಚು ಕಳಿಸುತ್ತಾನೆ ಎಂದು ಮೊದಲು ಮುಚ್ಚಿಟ್ಟದ್ದು, ಆಮೇಲೆ ಅದೇ ಅಭ್ಯಾಸವಾಯಿತು. ಗೋಡೆಯ ಸಾಲಿನಲ್ಲಿದ್ದ ಎಂಜಿನ್‌ಗಳಿಗೆಲ್ಲ ಬಣ್ಣ ನೋಡಿದ ಕಣ್ಣು ಅಕ್ಕನದು, ಹಚ್ಚಿದ ಕೈ ಮಾತ್ರ ಇವರದು. ಬಣ್ಣದ ಮಾಸ್ತರ ಬಣ್ಣ ಬಯಲಾಯಿತು ಎಂದು ಇನ್ನೊಂದು ದಿನವಾಗಿದ್ದರೆ ನಾನು ಹೇಳಿಬಿಡುತ್ತಿದ್ದೆ. ಅವತ್ತು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಕೂತಿತು.

ಹೇಳಿದ್ದು ಕೆಂಪು, ತಂದದ್ದು ಹಸಿರು. ಕೆಂಪು ಮೇಲೆ, ಹಸಿರು ಕೆಳಗೆ. ಎರಡು ಮುಚ್ಚಳಗಳನ್ನೂ ಅವುಗಳ ಬಾಟಲಿಯ ಮೇಲಿಟ್ಟೆ. ಭಾವ ಹೂಂ ಎಂದರು. ಹೊರೆ ಇಳಿದ ಮುಖವೂ ಅಲ್ಲ, ನಾಚಿಕೆಯ ಮುಖವೂ ಅಲ್ಲ. ಕುಂಚ ನೆನೆಸುವ ಲೋಟಕ್ಕೆ ಥಿನ್ನರ್ ಸುರಿದರು.

ಆಗ ಗೊತ್ತಾಯಿತು ನಾನು ಕಿತ್ತೆಸೆದ ರಟ್ಟಿನ ಬಿಲ್ಲೆ ಯಾತಕ್ಕೆ ಎಂದು. ಬಿಲ್ಲೆಯಿಲ್ಲದ ಮುಚ್ಚಳ ಗಾಳಿ ತಡೆಯುವುದಿಲ್ಲ. ಎರಡೂವರೆ ತಿಂಗಳಲ್ಲಿ ಒಂಬತ್ತೂ ಬಾಟಲಿಯಲ್ಲಿ ಕೆನೆ ಕಟ್ಟಿತ್ತು. ಉಳಿದವು ಹೇಗೋ ಥಿನ್ನರಿಗೆ ಕರಗಿ ಬಂದವು. ಕೆಂಪು ಮೊದಲೇ ಕಡಿಮೆಯಿತ್ತು. ಮುಕ್ಕಾಲು ಪಾಲು ರಬ್ಬರಿನಂತಾಗಿ ಬಾಟಲಿಯ ಅಡಿ ಬಿಡಲಿಲ್ಲ. ಸೋಸಿದಾಗ ಚಮಚೆಯಷ್ಟು ಸಿಕ್ಕಿತು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಭಾವ ಸೋಸುವ ಬಟ್ಟೆಯನ್ನೇ ನೋಡುತ್ತಾ, ನಿನಗೆ ಹೇಗೆ ಗೊತ್ತಾಗಬೇಕು, ಬಿಡು ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ನಾನು ಅಂಗಡಿಗೆ ಹೋಗಿ ಕೆಂಪು, ಕಂದು, ಕಪ್ಪು ತಂದು, ಅಕ್ಕನ ಕೆಂಪಿಗೆ ಹೊಂದುವಂತೆ ಕಲೆಸಿ ನೋಡಿದೆ. ನನ್ನ ಕಣ್ಣಿಗೆ ತೀರಾ ಹತ್ತಿರ ಬಂದಿತ್ತು. ಭಾವನಿಗಂತೂ ವ್ಯತ್ಯಾಸವೇ ಕಾಣುವಂತಿರಲಿಲ್ಲ. ಅವರು ಕೇಳಿದ್ದು ಒಂದೇ.

"ಅದೇ ಬಣ್ಣನಾ?"

ಸುಳ್ಳು ಹೇಳಬಹುದಿತ್ತು. "ಹತ್ತಿರ ಇದೆ ಭಾವ" ಎಂದೆ.

"ಹಾಗಾದ್ರೆ ಬೇಡ."

ಇದ್ದ ಚಮಚೆ ಕೆಂಪು ಎಂಜಿನ್ನಿನ ಮೂತಿಗೂ ಎಡಮೈಗೂ ಆಯಿತು. ಹಸಿರು ಪಾವಡೆ, ಕೆನೆಯ ಮೂರು ಗೆರೆ, ಚಿನ್ನದ ಅಂಕಿ ಎಲ್ಲವೂ ಎಡಮೈಗೆ ಮಾತ್ರ. ಬಲಮೈ ಮೊದಲಿನ ಬೂದುಬಣ್ಣದಲ್ಲೇ ಉಳಿಯಿತು. ಅದಕ್ಕೆ ಹಸಿರನ್ನಾದರೂ ಹಚ್ಚಿ ಎಂದೆ. ಅರ್ಧ ಸೀರೆ ಉಟ್ಟ ಹಾಗೆ ಕಾಣುತ್ತದೆ ಎಂದರು. ಅಕ್ಕ ಹೋದಮೇಲೆ ಅವರು ಆಡಿದ ತಮಾಷೆ ಅದೊಂದೇ, ಅದೂ ತಮಾಷೆಗೆಂದು ಆಡಿದ್ದಲ್ಲ.

ಭಾನುವಾರ ಸಭಾಭವನದ ಉದ್ದನೆಯ ಮೇಜುಗಳ ಮೇಲೆ ಎಲ್ಲರ ಎಂಜಿನ್‌ಗಳೂ ಬಂದು ಕೂತವು. ಗೋಡೆಗೆ ಒತ್ತಿದ ಮೇಜು ಕೇಳಿಕೊಂಡಿದ್ದರೆ ಬೂದು ಮೈಯನ್ನು ಗೋಡೆಗೆ ತಿರುಗಿಸಬಹುದಿತ್ತು. ಹಾಗೆ ಮಾಡುವುದು ಈ ಜನರಲ್ಲಿ ರೂಢಿಯೇ. ಭಾವ ನಡುವಿನ ಮೇಜಿನಲ್ಲಿಟ್ಟರು.

ಎಡಗಡೆ ನಿಂತವರೆಲ್ಲ ಬಾಗಿ ನೋಡಿ ತಲೆದೂಗಿದರು. ಬಲಗಡೆಗೆ ಬಂದವರು ಒಮ್ಮೆ ಎಂಜಿನ್ನನ್ನೂ ಒಮ್ಮೆ ಭಾವನನ್ನೂ ನೋಡಿ ಕನ್ನಡಕ ಸರಿಮಾಡಿಕೊಂಡರು. ಔಷಧಿ ಅಂಗಡಿ ಇಟ್ಟಿದ್ದ ಸಂಘದ ಕಾರ್ಯದರ್ಶಿಗಳು ಎರಡೂ ಕಡೆ ಸುತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ ಮಾಸ್ತರೇ, ಈ ಕಡೆ ಯಾಕೆ ಹೀಗೆ?"

"ಬಣ್ಣ ಮುಗೀತು."

"ಕೆಂಪು ಮೇಲೆ ಅಂತ ಹೆಂಗೆ ಹೇಳ್ತೀರಿ? ಏನು ಆಧಾರ?"

"ಮನೆಯವಳು ನೋಡಿದ್ಲು. ಅವಳು ಹೇಳಿದ್ದನ್ನ ಹಚ್ಚಿದ್ದೀನಿ. ನನಗೆ ಕೆಂಪು ಹಸಿರು ಎರಡೂ ಒಂದೇ. ಮೊದಲಿಂದ್ಲೂ ಹಾಗೇ."

ಮೂವತ್ತೆಂಟು ವರ್ಷ ಬಚ್ಚಿಟ್ಟದ್ದನ್ನು ಅವರು ಸಮಯ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟರು. ಕಾರ್ಯದರ್ಶಿಗಳು ಎರಡು ಕ್ಷಣ ನೋಡಿ ಹೋ ಎಂದು ನಕ್ಕು, ಮಾಸ್ತರಿಗೂ ಈಗೀಗ ತಮಾಷೆ ಬರುತ್ತೆ ಎಂದು ಪಕ್ಕದವರಿಗೆ ಹೇಳಿ, ಮುಂದಿನ ಮೇಜಿನ ಚಿಮಣಿ ಅಳೆಯಲು ಹೊರಟುಹೋದರು. ಅಷ್ಟೆ. ಭಾವ ನಗಲೂ ಇಲ್ಲ, ಇನ್ನೊಮ್ಮೆ ಹೇಳಲೂ ಇಲ್ಲ.

ಸಂಜೆ ಬಸ್ಸಿನಲ್ಲಿ ವಾಪಸು ಬಂದೆವು. ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ನಾಲ್ಕು ನಿಲ್ದಾಣ ದಾಟಿದ ಮೇಲೆ ಮುಚ್ಚಳ ತೆಗೆದು, ಬಣ್ಣದ ಮೈಯನ್ನು ನನ್ನ ಕಡೆಗೆ ತಿರುಗಿಸಿದರು.

"ಹೇಗಿದೆ?"

ನೋಡಿದೆ. ಮೇಲೆ ಕಡುಗೆಂಪು, ಕೆಳಗೆ ಎಲೆಹಸಿರು, ನಡುವೆ ಅತ್ತೆಯ ಹಲ್ಲಿನ ಮೂರು ಗೆರೆ. ಗೋಡೆಯ ಹಿಂದೆ ದಿನಾ ನಾಲ್ಕು ಗಂಟೆಗೆ ನಾನು ಕಣ್ಣು ಮುಚ್ಚಿ ಕಳೆದುಕೊಂಡದ್ದು ಇದು.

"ಚೆನ್ನಾಗಿದೆ ಭಾವ" ಎಂದೆ.

"ಸರಿ" ಎಂದು ಅವರು ಮುಚ್ಚಳ ಹಾಕಿ, ಸರಿಯಾಗಿ ಕೂತಿದೆಯೇ ಎಂದು ನಾಲ್ಕೂ ಮೂಲೆ ಒತ್ತಿ ನೋಡಿದರು.