ಹುದ್ದೆ ಖಾಲಿ ಇಟ್ಟ ಮೇಷ್ಟ್ರು

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರ ಕಂದು ಕೋಟಿನಿಂದ ಸದಾ ಕುರಿಯ ವಾಸನೆ ಬರುತ್ತಿತ್ತು. ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಸಂತೆಯ ದಿನ ನಮ್ಮನ್ನೆಲ್ಲ ಹಿರಿಯೂರಿನ ಬಸ್ಸು ಹತ್ತಿಸುತ್ತಿದ್ದರು. ಮಾರುವವನ ತುರ್ತು, ಮಳೆಯ ಸುದ್ದಿ, ಕೊಳ್ಳುವವನ ದೌಲತ್ತು ಎಲ್ಲ ಸೇರಿ ಬೆಲೆಯಾಗುತ್ತದೆ, ಅದನ್ನು ಸಂತೆಯಲ್ಲಿ ನಿಂತೇ ಕಲಿಯಬೇಕು ಎಂಬುದು ಅವರ ಪಂಥ. ಪುಸ್ತಕ ಬರೆಯಲು ಮಾತ್ರ ಒಪ್ಪಲಿಲ್ಲ. "ಬರ್ದಿಟ್ರೆ ಮುಂದಿನೋರು ಓದ್ಕಂಡು ಮನೇಲೇ ಕುಂತ್ಕಂತಾರೆ" ಎನ್ನುತ್ತಿದ್ದರು.

ಕುರಿ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವ ವ್ಯಾಪಾರ. ಹೆಣ್ಣುಮಗಳೆಂದು ದಲ್ಲಾಳಿ ನನಗೆ ಕೈ ಕೊಡಲು ಹಿಂಜರಿದಾಗ ಮೇಷ್ಟ್ರು ರೇಗಿದರು: "ನಮ್ಮುಡುಗಿ ಕಣಯ್ಯ, ಕಲೀಲಿ. ಕೊಡು ಕೈ." ಆ ದಿನವೇ ನಾನು ಅವರ ಪಂಥದವಳಾದೆ.

ನಮ್ಮಲ್ಲಿ ಜಾಣರೆಂದರೆ ಮೂವರು ಹುಡುಗರು. ಒಬ್ಬ ಹೊಳಲ್ಕೆರೆಯವನು, ಒಬ್ಬ ಹೊಸದುರ್ಗದವನು, ಇನ್ನೊಬ್ಬ ಜವನಗೊಂಡನಹಳ್ಳಿಯ ಕುರಿ ಸಾಕುವವರ ಮನೆಯವನು. ವಿದ್ಯಾರ್ಥಿವೇತನ ಸಿಕ್ಕಿ ಒಬ್ಬೊಬ್ಬರಾಗಿ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೊರಟರು. ಮೇಷ್ಟ್ರು ಬಸ್ ಸ್ಟ್ಯಾಂಡಿಗೆ ಬಂದು ಎಲ್ಲರಿಗೂ ಒಂದೇ ಮಾತು ಹೇಳಿದರು: "ಕಲ್ತು ಬಾರ್ಲೇ, ನಿನ್ ಜಾಗ ಹಂಗೇ ಇರ್ತೈತೆ." ವಿಭಾಗದಲ್ಲಿ ಒಂದು ಹುದ್ದೆ ತೆರವಾದಾಗ, ಮುಖ್ಯಸ್ಥರಾಗಿದ್ದ ಅವರು ಅದನ್ನು ತುಂಬಲು ಬಿಡಲೇ ಇಲ್ಲ. ನಾನು ಎಂ.ಎ. ಮುಗಿಸಿ ಬಂದು ಆ ಹುದ್ದೆ ಕೇಳಿದೆ.

"ಅವ್ರು ಬಂದಾಗ ಜಾಗ ಇಲ್ದಿದ್ರೆ ಹೆಂಗಮ್ಮ? ನೀನು ಹೈಸ್ಕೂಲಲ್ಲಿರು."

ಇದ್ದೆ. ಮೂವರಲ್ಲಿ ಬಂದವನು ಜವನಗೊಂಡನಹಳ್ಳಿಯವನೊಬ್ಬನೇ, ಅದೂ ಬೆಂಗಳೂರಿಗೆ, ಒಂದು ಉಪನ್ಯಾಸಕ್ಕೆ. ಮೇಷ್ಟ್ರೂ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆವು. ಅವನು ಹಲಗೆಯ ಮೇಲೆ ಬೇಡಿಕೆಗೊಂದು, ಪೂರೈಕೆಗೊಂದು ಗೆರೆ ಎಳೆದು, ಅವು ಕೂಡುವಲ್ಲಿ ಬೆಲೆ ಎಂದ. ಮೇಷ್ಟ್ರು ಎದ್ದು ನಿಂತರು.

"ಮಗೀಗೆ ಜ್ವರ ಬಂದು ಕುರಿ ಮಾರೋಳು ಇದ್ರಾಗೆ ಎಲ್ಲವ್ಳಪ್ಪ?"

"ಅವೆಲ್ಲ ಲೆಕ್ಕಕ್ಕೆ ಬರಲ್ಲ ಸಾರ್" ಎಂದು ಅವನು ವಿನಯದಿಂದಲೇ ನಕ್ಕ.

ಹಿಂದಿರುಗುವಾಗ ಬಸ್ಸು ಶಿರಾ ದಾಟಿದ ಮೇಲೆ ಮೇಷ್ಟ್ರು ಬಾಯಿಬಿಟ್ಟರು: "ಚೆನ್ನಾಗ್ ಮಾತಾಡ್ದ, ಅಲ್ವೇನಮ್ಮ?"

ಅವರು ನಿವೃತ್ತರಾದದ್ದೇ ತಡ, ಖಾಲಿ ಇಟ್ಟಿದ್ದ ಆ ಹುದ್ದೆಗೆ ಗೈಡು ಓದಿಸುವವರೊಬ್ಬರು ಬಂದರು. ಸಂತೆಯ ಪಾಠ ನಿಂತಿತು. ಯಾಕೆ ನಿಂತಿತೆಂದು ಒಬ್ಬರೂ ಕೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮೇಷ್ಟ್ರು ಹಾಸಿಗೆ ಹಿಡಿದರು. ನನಗೆ ಅವರ ಮೇಲೆ ಸಿಟ್ಟಿತ್ತು, ಲೋಕ ನೋಡುವುದನ್ನು ಕಲಿಸಿದ ಋಣವೂ ಇತ್ತು. ಶಾಲೆ ಬಿಟ್ಟ ಮೇಲೆ ದಿನವೂ ಹೋಗಿ ಗಂಜಿ ಕುಡಿಸುತ್ತಿದ್ದೆ. ಕೊನೆಯ ದಿನ ಕಣ್ಣು ಬಿಟ್ಟು ಕೇಳಿದರು: "ಹುಡುಗ್ರು ಯಾರಾದ್ರೂ ಬಂದ್ರಾ?"

"ನಾನಿದೀನಿ ಸಾರ್."

"ನೀನು ಇದ್ದೇ ಇರ್ತೀಯಲ್ಲಮ್ಮ" ಎಂದವರು ಬಾಗಿಲ ಕಡೆ ಮುಖ ತಿರುಗಿಸಿಕೊಂಡರು.